ಬಾಕಿ ಇಲ್ಲದ ಹರಕೆ

ದೇವರಿಲ್ಲ ಎಂದಾಗಲೆಲ್ಲ
ಗೋಣಿಕೊಪ್ಪದ ಸೆಕ್ಷನ್ ಆಫೀಸಿನಲ್ಲಿ
ಯಾರಾದರೂ ಎತ್ತಿಯೇ ಎತ್ತುತ್ತಾರೆ:
ಕಾಣದ ಕರೆಂಟನ್ನು ನಂಬುತ್ತೀಯಲ್ಲ, ಲೈನ್‌ಮ್ಯಾನ್?
ನಾನು ಜೇಬಿನಿಂದ ಟೆಸ್ಟರ್ ತೆಗೆದು ತೋರಿಸುತ್ತೇನೆ.
ಇಪ್ಪತ್ತಾರು ವರ್ಷ ಕಂಬ ಹತ್ತಿದವನು ನಾನು.
ಇದೆಯೋ ಇಲ್ಲವೋ ನೋಡದೆ ಮುಟ್ಟುವವನು
ಎರಡನೇ ಸಲ ಮುಟ್ಟುವುದಿಲ್ಲ.

ಇಷ್ಟು ಗಟ್ಟಿಯಿದ್ದ ನಾಲಿಗೆ
ಮಾಗಿಯ ಆ ಮೂರನೇ ರಾತ್ರಿ, ತಿತಿಮತಿಯ ಕಾಡಂಚಿನಲ್ಲಿ,
ಮೇಜರ್, ಮೇಜರ್ ಎಂದು ಕೂಗಿ ಕೂಗಿ
ಬ್ಯಾಟರಿಯೂ ಗಂಟಲೂ ಸೋತ ಹೊತ್ತಿಗೆ
ನನ್ನನ್ನು ಕೇಳದೆ ತಾನೇ ಹೇಳಿಬಿಟ್ಟಿತು:
ಅಯ್ಯಪ್ಪಾ, ನಾಯಿ ಸಿಕ್ಕರೆ
ನಿನಗೊಂದು ಮಣ್ಣಿನ ನಾಯಿ.

ಯಾರಂದದ್ದು?
ನಾಚಿಕೆಯಿಂದ ಸುತ್ತ ನೋಡಿದೆ.
ಲಂಟಾನ, ಮಂಜು, ಆನೆಗೆಂದು ತೋಡಿದ ಕಂದಕ.
ಕೇಳಿಸಿಕೊಂಡವರು ಯಾರೂ ಇರಲಿಲ್ಲ;
ಅದೇ ತಾನೆ ನನ್ನ ವಾದ.
ಆದರೂ ಒಂದು ನಿಮಿಷ ಕಿವಿಗೊಟ್ಟು ನಿಂತೆ,
ರಿಂಗಾಗುವ ಫೋನು ಹಿಡಿದವನ ಹಾಗೆ.

ಸಿಗಲಿಲ್ಲ.
ನಾಲ್ಕನೇ ದಿನ ಕೆರೆ ಏರಿಯ ಆಚೆ ಬೆಲ್ಟು ಮಾತ್ರ,
ಕೊಂಡಿ ಬಿಚ್ಚಿರಲಿಲ್ಲ.

ದೇವರು ಬೇಟೆಗೆ ಕರಕೊಂಡ ಬಿಡಿ, ಎಂದಳು ಬೊಳ್ಳಮ್ಮ.
ಕಣ್ಣೊರೆಸಿ, ದೀಪಕ್ಕೆ ಎಣ್ಣೆ ಹಾಕಿ, ಮಲಗಿದಳು.
ನಿದ್ದೆಯೂ ಬಂತು ಅವಳಿಗೆ.
ಆ ನಿದ್ದೆಯನ್ನು ಕತ್ತಲಲ್ಲಿ ನೋಡುತ್ತ ಕೂತೆ,
ಪಕ್ಕದ ಮನೆಯ ಸಾರಿನ ವಾಸನೆಗೆ
ಹಸಿದವನು ಕೂತ ಹಾಗೆ.

ಲೆಕ್ಕ ಚುಕ್ತಾ. ಅವನು ಕೊಡಲಿಲ್ಲ, ನಾನು ಕೊಡಬೇಕಿಲ್ಲ.
ಇಲ್ಲದವನು ಕೊಡಲಿಲ್ಲವೆಂದು ಸಿಟ್ಟಾಗುವುದು ಯಾವ ನ್ಯಾಯ?
ಆದೆ.
ಅರ್ಥಿಂಗ್ ಇಲ್ಲದ ಸಿಟ್ಟು ಅದು.
ಇಳಿದುಹೋಗಲು ನೆಲ ಸಿಗದೆ
ತಟ್ಟೆ ಮುಟ್ಟಿದರೂ ಹೊಡೆಯಿತು, ಬಾಗಿಲು ಮುಟ್ಟಿದರೂ ಹೊಡೆಯಿತು.

ಮೇ ತಿಂಗಳ ಕೊನೆಯಲ್ಲಿ ಕುಂಡೆ ಹಬ್ಬ.
ಹೆಂಡತಿಯ ನೈಟಿ ತೊಟ್ಟು, ಡಬ್ಬ ಬಡಿಯುತ್ತ
ಹಾಡಿಯ ಮುತ್ತ ನನ್ನ ಬೈಕಿಗೆ ಅಡ್ಡ ನಿಂತ.
ಹತ್ತು ರೂಪಾಯಿ ಬಿಚ್ಚುವ ತನಕ
ನನ್ನ ಏಳು ತಲೆಮಾರನ್ನು ತೊಳೆದ.
ಆಮೇಲೆ ದೇವರ ಸರದಿ:
ಬೇಟೆಗೆ ಅಂತ ಕಾಡಿಗೆ ಕರಕೊಂಡು ಹೋಗಿ
ಹೆಣ್ಣು ಕಂಡೊಡನೆ ನಮ್ಮ ಕೈಬಿಟ್ಟೆಯಲ್ಲೋ...
ಉಳಿದದ್ದು ಬರೆಯುವಂತಿಲ್ಲ.
ಬೈದು ಬೈದು ಬೆವರಿ, ನಕ್ಕ.
ಹುಣಸೆ ಹಾಕಿ ಉಜ್ಜಿದ ಚೆಂಬಿನ ಹಾಗಿತ್ತು ಮುಖ.

ನಾನೂ ಬೈಯಲೇನೋ, ಅಂದೆ.
ನಿಂಗೇನಾಗ್ಬೇಕು ಅವ್ನು? ಅಂದ.
ತಮಾಷೆಗೇ ಅಂದದ್ದು ಮುತ್ತ. ಮುಂದಿನ ಬಸ್ಸಿಗೆ ಅಡ್ಡ ಹೋದ.
ನಾನು ಬೈಕು ಆಫ್ ಮಾಡಿ ಅಲ್ಲೇ ನಿಂತೆ.
ಬೈಯಲಿಕ್ಕೂ ಒಂದು ನಂಟು ಬೇಕು.

ಮಾರನೆಯ ದಿನ ಕುಂಬಾರ ಕೇಳಿದ:
ದೇವರಿಗೋ, ಶೋಕೇಸಿಗೋ?
ಶೋಕೇಸಿನದಕ್ಕೆ ಬಣ್ಣವಿದೆ, ಇನ್ನೂರು ಹೆಚ್ಚು.
ತಡವರಿಸಿದೆ. ದೇವರದ್ದೇ ಕೊಡು.
ಎಡಗಿವಿ ಮಾತ್ರ ಮಡಚಿರಲಿ.
ಯಾಕೆಂದು ಕೇಳಲಿಲ್ಲ ಅವನು.
ಹಸಿಮಣ್ಣಿನ ಕಿವಿಯನ್ನು ಹೆಬ್ಬೆರಳಲ್ಲಿ ಒತ್ತಿದ,
ಅದು ಬಾಗಿ ಮೇಜರ್ ಆಯಿತು.
ಮಳೆಗೆ ಮುಂಚೆ ಸುಡಬೇಕು, ಎಂದ.

ದೇವರಕಾಡಿನಲ್ಲಿ ಗುಡಿಯಿಲ್ಲ. ಕಲ್ಲಿನ ಕಟ್ಟೆ.
ಕಟ್ಟೆಯ ತುಂಬ ನಾಯಿಗಳು,
ಮೂತಿ ಮುರಿದವು, ಪಾಚಿ ಹತ್ತಿದವು,
ಹೊಟ್ಟೆಯೊಳಗೆ ಇರುವೆ ಸಾಕಿಕೊಂಡವು.
ಎಲ್ಲವೂ ಒಂದೇ ಕಡೆ ನೋಡುತ್ತಿದ್ದವು.
ಅವು ನೋಡುವ ಕಡೆ ನಾನೂ ನೋಡಿದೆ.
ಮರ. ಮರದ ಹಿಂದೆ ಮರ.
ಟೆಸ್ಟರ್ ಜೇಬಿನಲ್ಲೇ ಇತ್ತು.

ಕೈಮುಗಿಯಲಿಲ್ಲ. ಚಪ್ಪಲಿ ಯಾವಾಗ ಬಿಟ್ಟಿದ್ದೆನೋ ಗೊತ್ತಿಲ್ಲ.
ಉಳಿದವುಗಳ ಸಾಲಿನಲ್ಲೇ ಇಟ್ಟು
ಹತ್ತು ಹೆಜ್ಜೆ ಬಂದವನು ಮತ್ತೆ ಹೋಗಿ
ಇದೊಂದರ ಮುಖವನ್ನು
ನಾನು ಹೋಗುವ ದಾರಿಗೆ ತಿರುಗಿಸಿದೆ.

ಆಮೇಲೆ ಒಂದು ಬೈಗುಳ ಬೈದೆ.
ಮೆಲ್ಲಗೆ, ಅಭ್ಯಾಸವಿಲ್ಲದವನ ಹಾಗೆ.
ಯಾರೂ ಇತ್ತ ನೋಡಲಿಲ್ಲ,
ಅದೊಂದರ ಹೊರತು.