ಬೆಣ್ಣೆ, ಸುಣ್ಣ

ಹದಿನೆಂಟು ಪುಟದ ಒಪ್ಪಿಗೆ ಪತ್ರವನ್ನು
ಕನ್ನಡಕ್ಕೆ ತಂದವಳು ನಾನೇ.
ಏಳನೇ ಪುಟದಲ್ಲಿ ಎರಡು ದಿನ ಸಿಕ್ಕಿಕೊಂಡಿದ್ದೆ.
ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ
ಔಷಧದ ಹಾಗೇ ಕಾಣುವ ಏನೋ ಒಂದು.
ಹುಸಿಮಾತ್ರೆ ಎಂದು ಬರೆದೆ.
ಸಮಿತಿಯ ಹಿರಿಯರು ಕೆಂಪು ಗೆರೆ ಎಳೆದರು:
‘ಜನ ಹೆದರುತ್ತಾರೆ, ಮೆದುವಾಗಿ ಹೇಳಿ.’
ಮೆದುವಾಗಿ ಬರೆದೆ.
ಆಮೇಲೆ ಓದಿದರೆ ನನಗೇ ಅರ್ಥವಾಗಲಿಲ್ಲ.

ಶ್ರೀರಾಮಪುರದಲ್ಲಿ ರೈಲ್ವೆ ಗೋಡೆಗೆ ಆತು ನಿಂತ
ಇಸ್ತ್ರಿ ಗಾಡಿಯ ಪಿಳ್ಳಮ್ಮ,
ಸಕ್ಕರೆ ಕಾಯಿಲೆಗೆ ಹದಿನಾಲ್ಕು ವರ್ಷ,
ಪಾದದ ಉರಿಗೆ ಮೂರು,
ನಾನು ಓದಿ ಮುಗಿಸುವವರೆಗೂ
ಒಂದು ಮಡಿಕೆಯನ್ನೂ ತಪ್ಪಿಸದೆ ಕೇಳಿ
‘ಅಂದ್ರೆ ಒಂದ್ ಕಣ್ಣಿಗೆ ಬೆಣ್ಣೆ, ಒಂದ್ ಕಣ್ಣಿಗೆ ಸುಣ್ಣ’ ಅಂದಳು.
ಹೌದು. ಆದರೆ ಯಾವ ಕಣ್ಣಿಗೆ ಯಾವುದು
ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ,
ಹಚ್ಚುವ ಬೆರಳಿಗೇ ಗೊತ್ತಿಲ್ಲ.
‘ಹಂಗಾದ್ರೆ ಸರಿ. ಗೊತ್ತಿದ್ದೂ ಹಚ್ಚೋದು ಮೋಸ.’
ಎಡಗೈ ಹೆಬ್ಬೆಟ್ಟು ಒತ್ತಿದಳು.
ಶಾಖಕ್ಕೆ ಗೆರೆಯೆಲ್ಲ ಸವೆದ ಹೆಬ್ಬೆಟ್ಟು,
ಮೂರು ಸಲ ಒತ್ತಿದರೂ ನುಣ್ಣನೆಯ ನೀಲಿ ಮಚ್ಚೆ.
ಸಾಕ್ಷಿಗೆ ಬೀಡಾ ಅಂಗಡಿಯ ಸಿರಾಜುದ್ದೀನ್.
ಅವನ ಸಹಿಯ ಪಕ್ಕ ಒಂದು ಬಿಳಿ ಕಲೆ,
ನಿಜವಾದ ಸುಣ್ಣದ್ದು.

ಆವತ್ತಿನಿಂದ ಅವಳು ನಲವತ್ತೇಳು.
ಪ್ರತಿ ಬುಧವಾರ ನನ್ನ ಫೋನು:
ಉರಿ ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ.
ಅಂಕಿ ಅವಳ ಬಾಯಿಗೆ ಬರಲೇ ಇಲ್ಲ.
‘ಇವತ್ತು ಕಾಟನ್ನು.’
‘ರಾತ್ರಿ ಖಾದಿ ಆಗಿತ್ತು ಕಣಮ್ಮ,
ನೀರು ಚಿಮುಕಿಸಿದ್ರೆ ಚುಯ್ ಅನ್ನೋ ಹಂಗೆ.’
ಮೇಜಿನ ಗಾಜಿನಡಿ ಚೀಟಿ ಇಟ್ಟುಕೊಂಡೆ:
ಖಾದಿ ಒಂಬತ್ತು, ಕಾಟನ್ ಏಳು,
ಟೆರಿಕಾಟು ಐದು, ರೇಷ್ಮೆ ಎರಡು.
ತಪಾಸಣೆಗೆ ಬಂದ ಕಂಪನಿಯ ಹುಡುಗ
ಅದನ್ನು ತಲೆಕೆಳಗಾಗಿ ಓದಿ, ಯಾವ ಭಾಷೆ ಮೇಡಂ ಅಂದ.

ನಾಲ್ಕನೇ ತಿಂಗಳು ಟೆರಿಕಾಟಿಗೆ ಇಳಿಯಿತು.
ಆರನೆಯದರಲ್ಲಿ ರೇಷ್ಮೆ.
ಆ ಬುಧವಾರ ತಾನಾಗಿಯೇ ಹೇಳಿದಳು,
ಒಂದು ಕ್ಯಾಪ್ಸೂಲು ಬಿಚ್ಚಿ ನೋಡಿದಳಂತೆ.
ಬೆರಳ ನಡುವೆ ಉಜ್ಜಿದರೆ ಕಿರಕ್ ಅಂದಿತಂತೆ.
‘ಮೂವತ್ತು ವರ್ಷ ಗಂಜಿ ಹಾಕಿದ ಕೈ.
ನಂಗೆ ಗೊತ್ತಾಗಲ್ವಾ?
ಗಂಜಿ ಪುಡಿ ಕಣಮ್ಮ.’

ಔಷಧದ ಕ್ಯಾಪ್ಸೂಲಿನಲ್ಲೂ ಗಂಜಿ ಇರುತ್ತದೆ,
ಸಾಸಿವೆಯಷ್ಟು ಮದ್ದಿಗೆ ಅಷ್ಟು ದೊಡ್ಡ ಚಿಪ್ಪು ತುಂಬಬೇಕಲ್ಲ.
ಹೇಳಿದೆ. ಹೂಂ ಅಂದಳು,
ಗಿರಾಕಿಯ ಸುಳ್ಳಿಗೆ ಅನ್ನುವ ಹೂಂ.
ವರದಿಯಲ್ಲಿ ಬರೆದೆ: ಒಂದು ಡೋಸು ಕಡಿಮೆ,
ಕಾರಣ, ಕೈತಪ್ಪಿ ಚೆಲ್ಲಿದ್ದು.
‘ನುಂಗೋದು ನಿಲ್ಲಿಸ್ತೀರಾ?’
‘ಯಾಕೆ ನಿಲ್ಲಿಸ್ಲಿ?
ಬಟ್ಟೆ ನೆಟ್ಟಗೆ ನಿಲ್ಲೋದೇ ಗಂಜಿಯಿಂದ.’

ಲಕೋಟೆ ಒಡೆದದ್ದು ಮುಂದಿನ ವರ್ಷ.
ಎಂಟು ಆಸ್ಪತ್ರೆ, ಇನ್ನೂರ ಹನ್ನೆರಡು ಮಂದಿ.
ಔಷಧ ಗೆದ್ದಿತು, ಹತ್ತರಲ್ಲಿ ಮುಕ್ಕಾಲು ಅಂಕದಿಂದ.
ಬಟ್ಟೆಯ ಲೆಕ್ಕದಲ್ಲಿ, ಕಾಲರಿನ ಒಂದು ಸುಕ್ಕು.
ನಲವತ್ತೇಳರ ಎದುರು ಬಿ ಅಕ್ಷರ.
ಗಂಜಿ.

ಹೋಗಿ ಹೇಳು ಎಂದು ಯಾರೂ ಹೇಳಿರಲಿಲ್ಲ.
ಹನ್ನೊಂದನೇ ಪುಟದಲ್ಲಿ ‘ಫಲಿತಾಂಶ ತಿಳಿಸುತ್ತೇವೆ’ ಎಂದು
ಬರೆದ ಕೈ ನನ್ನದು, ಹೋದೆ.
ಗಾಡಿ ಮೆಟ್ರೋ ಕಂಬದ ನೆರಳಿಗೆ ಸರಿದಿತ್ತು.
ಇದ್ದಿಲು ಊದುತ್ತಲೇ ಕೇಳಿಸಿಕೊಂಡಳು,
ಕೆಮ್ಮಿದಳು, ನಕ್ಕಳು,
ಯಾರದೋ ಸಮವಸ್ತ್ರದ ಶರಟು ಮಗುಚಿ ಹಾಕಿದಳು.
ಆಮೇಲೆ:
‘ಬುಧವಾರದ ಫೋನು ಎರಡು ಕಣ್ಣಿಗೂ ಬರ್ತಿತ್ತಾ?’
ಬರ್ತಿತ್ತು. ಎಲ್ಲರಿಗೂ.
‘ಅದನ್ನ ಯಾವುದರಲ್ಲಿ ಬರ್ಕೊಂಡ್ರಿ?’

ಅದಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ.

‘ಈಗ ಹೇಗಿದೆ ಪಾದ?’ ಅಂದೆ,
ಬುಧವಾರವಲ್ಲದಿದ್ದರೂ.
ಅವಳು ಪೆಟ್ಟಿಗೆ ಎತ್ತಿ, ತಳಕ್ಕೆ ಎರಡು ಹನಿ ಚಿಮುಕಿಸಿ
ಕೇಳಿಸಿಕೋ ಅನ್ನುವಂತೆ ನನ್ನ ಕಡೆ ಹಿಡಿದಳು.