ಅಳತೆ ಮೂವತ್ತೆರಡು

ಕೌಲ್ ಬಜಾರಿನ ಮೂರನೇ ಗಲ್ಲಿ, ನಮ್ಮ ಮಾಳಿಗೆ ಮೇಲೆ
ಹನ್ನೊಂದು ಕಾಲುಗಳು ನಿಂತಿವೆ, ಸೊಂಟವಿಲ್ಲದವು.
ಹೊಲಿಗೆ ತಪ್ಪಿ ವಾಪಸ್ಸು ಬಂದ ಜೀನ್ಸು.
ಮೊಣಕಾಲಿಗೆ ಕತ್ತರಿಸಿ
ಕೆಳಬಾಯಿಗೆ ಎರಡು ಸುತ್ತು ಹೊಲಿಗೆ ಹಾಕಿ
ಮಣ್ಣು ತುಂಬಿದ್ದೇನೆ.
ಒಂದರಲ್ಲಿ ಬದನೆ, ಎರಡರಲ್ಲಿ ಮೆಣಸಿನಕಾಯಿ,
ಉಳಿದವುಗಳಲ್ಲಿ ಸದ್ಯಕ್ಕೆ ಮಣ್ಣೇ.

ಮೊದಲ ತಿಂಗಳು ನೀಲಿ ನೀರು ಸೋರಿತು
ಕೆಳಗಿನ ಮನೆಯ ಖಾಜಾಬಿ ಒಣಹಾಕಿದ್ದ
ಬಿಳಿ ಲುಂಗಿಗಳ ಮೇಲೆ.
ಜಗಳಕ್ಕೆಂದೇ ಮೆಟ್ಟಿಲು ಹತ್ತಿ ಬಂದವಳು
ಬದನೆ ಗಿಡವನ್ನು ಸುತ್ತಿ ನೋಡಿ
"ಸೈಜ್ ಎಷ್ಟು ಇದರದು?" ಅಂದಳು.
ಮೂವತ್ತೆರಡು ಅಂದೆ.
"ನಮ್ಮವರದು ಮೂವತ್ತೆಂಟು.
ಅದರಾಗಾದ್ರೆ ಕುಂಬಳಕಾಯೇ ಬೆಳೀತೈತೆ!"

ಗಿಡಕ್ಕಿಂತ ಒಲೆಯ ಕಥೆ ದೊಡ್ಡದು.
ಗ್ಯಾಸು ಅನ್ನಕ್ಕೆ, ಸಾರಿಗೆ. ಜಳಕದ ನೀರಿಗೆ ಕಟ್ಟಿಗೆಯೇ.
ಮಾಳಿಗೆಯ ಗಾಳಿ
ಮೂರು ಕಲ್ಲಿನ ಬೆಂಕಿಯನ್ನು ಹಂಡೆಗೆ ಮುಟ್ಟಗೊಡದೆ
ಕೋಟೆ ಗುಡ್ಡದ ಕಡೆ ಎಳೆದೊಯ್ಯುತ್ತಿತ್ತು.
ಏಳು ಕೊರಡು ಸುಟ್ಟರೂ ನೀರು ಉಗುರುಬೆಚ್ಚಗೆ,
ನನ್ನ ಕಣ್ಣೆರಡೂ ಕುದಿ ಬಂದ ಹಾಗೆ.

ಮೈದುನ ಎರ್ರಿಸ್ವಾಮಿ ಡಾಂಬರಿನ ಹಳೇ ಡಬ್ಬಿ ತಂದ.
ಬಾಯಿ ಸಣ್ಣದು ಮಾಡಿ, ಒಳಗೆ ಹೆಂಚಿನ ಚೂರು ಜೋಡಿಸಿ,
ಹಂಡೆಗೂ ಡಬ್ಬಿಗೂ ನಡುವೆ ಒಂದೇ ಬೆರಳು ಸಂದಿ ಬಿಟ್ಟ.
"ಎರಡು ಬೆರಳಾದ್ರೆ ಬೆಂಕಿ ತಿರುಗಾಡಾಕ ಹೋಗ್ತೈತೆ, ಅತ್ತಿಗಿ."
ಕಟ್ಟಿಗೆಯನ್ನು ಹೆಬ್ಬೆರಳ ದಪ್ಪಕ್ಕೆ ಸೀಳಬೇಕಂತೆ.
ಈಗ ಏಳರ ಜಾಗದಲ್ಲಿ ಮೂರೇ ಕೊರಡು.
ಕಟ್ಟಿಗೆ ಉಳಿಯಿತು ನಿಜ,
ಅಂಗೈಯ ಚರ್ಮ ಉಳಿಯಲಿಲ್ಲ.
ಮಷೀನಿಗೆ ಕೂತರೆ ಆ ಒರಟು ಬಟ್ಟೆ
ಗುಳ್ಳೆಯನ್ನೇ ಹುಡುಕಿ ಹುಡುಕಿ ಉಜ್ಜುತ್ತದೆ.

ಕಟ್ಟಿಗೆ ಅಂದರೆ ಬಳ್ಳಾರಿ ಜಾಲಿ.
ಊರ ಹೆಸರಿಟ್ಟುಕೊಂಡು ಊರಿಗೆಲ್ಲ ಚುಚ್ಚುವ ಗಿಡ.
ಹಳ್ಳದ ದಂಡೆ, ರೈಲು ಹಳಿಯ ಬದಿ, ಸುಡುಗಾಡು
ಎಲ್ಲ ಅದರದೇ.
ಅದಕ್ಕೆ ಯಾರೂ ನೀರು ಹಾಕಿದ್ದು ಕಾಣೆ;
ಹಸಿಯಿದ್ದರೂ ಉರಿಯುತ್ತದೆ, ಕೆಂಡ ಕಲ್ಲಿನಂತೆ.
ನಾನು ಮುದ್ದು ಮಾಡುವ ಮೆಣಸಿನ ಗಿಡ
ಎಂಟು ದಿನಕ್ಕೆ ಬರುವ ನಲ್ಲಿ ಒಂಬತ್ತಕ್ಕೆ ಬಂದರೆ
ತಲೆ ಚೆಲ್ಲಿ ಮಲಗುತ್ತದೆ.
ಒಮ್ಮೆ ಒಲೆಯ ಬೂದಿ ಹಿಡಿ ತುಂಬ ಹಾಕಿಬಿಟ್ಟೆ.
ಎಲೆಯ ಅಂಚೆಲ್ಲ ಸೀದು ಹೋಯಿತು.
"ಗಿಡದಾಗೇ ಒಗ್ಗರಣೆ ಕೊಟ್ಟೇನು?" ಅಂದಳು ಖಾಜಾಬಿ.
ಈಗ ಚಿಟಿಕೆ ಮಾತ್ರ, ಅದೂ ಅಮಾವಾಸ್ಯೆಗೊಮ್ಮೆ.

ಶ್ರಾವಣದಲ್ಲಿ ಆಡಿನ ಹಿಕ್ಕೆ ತಂದೆ, ಚೀಲಕ್ಕೆ ನಲವತ್ತು.
ಏಳನೇ ಕಾಲಿನಲ್ಲಿ ಮೊಳಕೆ.
ಕೊತ್ತಂಬರಿ ಉದುರಿಸಿದ್ದ ನೆನಪು;
ಎಲೆ ನೋಡಿದರೆ ಹುಣಸೆಯಂತೆ.
ಮಕ್ಕಳನ್ನು ಕರೆದು ತೋರಿಸಿದೆ,
ಬಾಡಿಗೆ ಮನೆಯಲ್ಲಿ ಹುಣಸೆ ಮರ!
ತಿಂಗಳಾದ ಮೇಲೆ ಬೆರಳಿಗೆ ಚುಚ್ಚಿತು.

ಆಡು ತಿಂದ ಜಾಲಿಕಾಯಿ
ಹಿಕ್ಕೆಯೊಳಗೆ ಕೂತು
ನನ್ನ ತಲೆ ಮೇಲೆಯೇ ಮೆಟ್ಟಿಲು ಹತ್ತಿ ಬಂದಿತ್ತು.
ಪಕ್ಕದ ಡಬ್ಬಿಯೊಳಗೆ ಅದರ ಅಜ್ಜ ಉರಿಯುತ್ತಿದ್ದ.

ಎಳೆದೆ. ಬರಲಿಲ್ಲ.
ಚೀಲ ಮಗುಚಿ ನೋಡಿದರೆ, ಗೇಣುದ್ದ ಗಿಡದ ಬೇರು
ನಾನು ಹಾಕಿದ ಎರಡು ಸುತ್ತು ಹೊಲಿಗೆಯಲ್ಲಿ
ಒಂದು ಸೂಜಿಯ ತೂತು ಹುಡುಕಿಕೊಂಡು
ದಾರ ಹರಿಯದೆ ಹೊರಗೆ ಇಳಿದು
ಮಾಳಿಗೆಯ ಬಿರುಕಿಗೆ ಬಾಯಿಟ್ಟಿತ್ತು.
ಹದಿನೆಂಟು ವರ್ಷದಿಂದ ಹೊಲಿಯುತ್ತಿದ್ದೇನೆ.
ಇಷ್ಟು ಅಚ್ಚುಕಟ್ಟು ಕೈ ನಾನು ಕಂಡಿಲ್ಲ.

ಬ್ಲೇಡಿನಿಂದ ಕೊಯ್ದೆ.
ಒಲೆಗೆ ಹಾಕೋಣವೆಂದರೆ ಹೆಬ್ಬೆರಳ ದಪ್ಪವೂ ಇಲ್ಲ.
ಮುಳ್ಳು ಸವರಿ
ಮಲಗಿದ್ದ ಮೆಣಸಿನ ಸಸಿಯ ಪಕ್ಕ ಊರಿ
ನೀಲಿ ದಾರದಲ್ಲಿ ಸಡಿಲಾಗಿ ಕಟ್ಟಿದೆ.

ಬೇರಿನ ತುದಿ ಬಿರುಕಿನಲ್ಲೇ ಉಳಿದಿದೆ.
ಮನೆ ಮಾಲೀಕರಿಗೆ ಇನ್ನೂ ಹೇಳಿಲ್ಲ.