ಕಟ್ಟು ಹಾಕುವ ಮುನ್ನ

ಬಳೇಪೇಟೆಯ ನನ್ನ ಅಂಗಡಿಗೆ ಬರುವವರು ಸಾಮಾನ್ಯ
ದೇವರು, ಸತ್ತವರು, ಬಿ.ಕಾಂ. ಪಾಸಾದವರು.
ಪಕ್ಕದಲ್ಲಿ ರಹೀಮುಲ್ಲಾ ಡೋಲಿಗೆ ಶ್ರುತಿ ಕೂಡಿಸುತ್ತಾ
ಬಡಿದಾಗಲೆಲ್ಲ ನನ್ನ ಗಾಜುಗಳು ಝಲ್ಲೆನ್ನುತ್ತವೆ.

ಮೊನ್ನೆ ಕೋದಂಡಯ್ಯನವರು ಡ್ರೈವರನ ಕೈಲಿ
ಉದ್ದದ ಕೊಳವೆ ಹೊರಿಸಿಕೊಂಡು ಬಂದರು.
ಬಿಚ್ಚಿದರೆ ಲಂಡನ್ ಹರಾಜಿನದು, ಇನ್ನೂರು ವರ್ಷದ ಕಾಗದ,
ಹುಳ ಹಿಡಿದ ಅಂಚು, ಹಪ್ಪಳದ ಬಣ್ಣ.

ಒಬ್ಬ ಕಂಪನಿ ದೊರೆ. ಹೊಟ್ಟೆ, ಅದರ ಮೇಲೊಂದು ಹೊಟ್ಟೆ.
ಅಂಗಿಯ ಗುಂಡಿ ಕಿತ್ತು ಹಾರಿ ಕೊಕ್ಕರೆಯ ಕಣ್ಣಿಗೆ ಬಡಿದಿದೆ.
ಬೆಂಗಳೂರಿನ ಕೆರೆಯೊಂದನ್ನು ಎರಡೂ ದಂಡೆ ಹಿಡಿದೆತ್ತಿ
ಬಸಿ ಕಾಫಿಯ ಹಾಗೆ ಸೊರ್ರನೆ ಹೀರುತ್ತಿದ್ದಾನೆ;
ಹಲ್ಲಿನ ಸಂದಿಯಲ್ಲಿ ತಾವರೆ, ಒಬ್ಬ ಬೆಸ್ತ, ಅವನ ಬಲೆ.
ಬಾಯಿಂದ ಹೊರಟ ಗುಳ್ಳೆಯೊಳಗೆ ಇಂಗ್ಲಿಷಿನಲ್ಲಿ ಏನೋ.

'ಇನ್ನೂ ದಾಹ, ಅಂತಿದ್ದಾನೆ ನೋಡು!'
ಕೋದಂಡಯ್ಯ ನಕ್ಕರು. ನಕ್ಕು ನಕ್ಕು ಕೆಮ್ಮಿದರು.
'ತಮ್ಮವರನ್ನೇ ಬಿಡಲಿಲ್ಲ ಕಣಯ್ಯ ಆ ಜನ.
ಅಂಗಡಿ ಕಿಟಕಿಗೆ ಅಂಟಿಸಿದರೆ ಬೀದಿಗೆ ಬೀದಿಯೇ ನಗ್ತಿತ್ತಂತೆ.'
ಇವರದು ಲೇಕ್ ವ್ಯೂ ಅಪಾರ್ಟ್‌ಮೆಂಟು, ಹದಿನಾಲ್ಕು ಮಹಡಿ.
ಕೆರೆ ಎಲ್ಲಿ ಎಂದು ಕೇಳಬಾರದು.
ನಾನು ಟೇಪು ಹಿಡಿದು ಅಗಲ ಎಷ್ಟಿರಲಿ ಎಂದು ಕೇಳಿದೆ.

ರಾತ್ರಿ ಶಟರ್ ಅರ್ಧ ಎಳೆದು ದೀಪದಡಿ ನೋಡಿದೆ.
ಮೂಗೊಂದಕ್ಕೇ ನೂರು ಗೀರು, ನರ ನರ ಎಣಿಸಬಹುದು.
ಕೆನ್ನೆಯ ಕೆಂಪು ಗೆರೆ ದಾಟಿ ಚೂರು ಹೊರಬಂದಿದೆ:
ಕೂಲಿಗೆ ಬಣ್ಣ ತುಂಬಿದ ಯಾವಳೋ ಹುಡುಗಿಗೆ
ಆ ಹೊತ್ತಿಗೆ ತೂಕಡಿಕೆ ಬಂದಿರಬೇಕು.

ಬಲಗಡೆ ಅಂಚಿಗೆ ಕೊಡೆ ಹಿಡಿದ ನಮ್ಮವನೊಬ್ಬ.
ಕಡ್ಡಿ ಕಾಲು. ಮುಖ ಬರೀ ಅಡ್ಡಗೀರು, ಉದ್ದಗೀರು.
ಕಣ್ಣಿಡುವುದನ್ನೇ ಮರೆತಿದ್ದಾನೆ ಕೆತ್ತಿದ ಪುಣ್ಯಾತ್ಮ;
ದೊರೆಯ ಮೂಗಿಗೇ ಅವನ ಸೂಜಿ ಸವೆದಿರಬೇಕು.
'ಆ ಕರೀ ಮನುಷ್ಯನ್ನ ಮೌಂಟಿನಡಿ ಮುಚ್ಚಿಬಿಡು,' ಎಂದಿದ್ದರು,
'ಸಾಹೇಬ ನಟ್ಟನಡುವೆ ಬರ್ತಾನೆ.'

ಮೂರು ಸಲ ಅಳೆದೆ. ಬ್ಲೇಡು ಬದಲಾಯಿಸಿದೆ.
ಕಿಂಡಿಯನ್ನು ಅರ್ಧ ಅಂಗುಲ ಅಗಲಿಸಿ
ಅವನನ್ನೂ ಅವನ ಕೊಡೆಯನ್ನೂ ಒಳಗೇ ಉಳಿಸಿದೆ.
ಗಾಜು ಒರೆಸಿ, ಮೊಳೆ ಬಡಿದು, ಹಿಂದೆ ಬ್ರೌನ್ ಪೇಪರು
ಅಂಟಿಸಿದ ಮೇಲೆ ಕಂಡಿತು: ಒಳಗೊಂದು ನುಸಿ ಸಿಕ್ಕಿಕೊಂಡಿದೆ,
ಸರಿಯಾಗಿ ಅವನ ಮುಖದ ಮೇಲೆ, ಕಣ್ಣಿರಬೇಕಾದಲ್ಲಿ.
ಬಿಚ್ಚಬಹುದಿತ್ತು.

ಕೋದಂಡಯ್ಯ ಬಂದರು, ಮತ್ತೊಮ್ಮೆ ನಕ್ಕರು,
ಸಾಹೇಬ ಒಂಚೂರು ಎಡಕ್ಕಾದನಲ್ಲ ಎಂದು
ಬಿಲ್ಲಿನಲ್ಲಿ ಇನ್ನೂರು ಮುರಿದುಕೊಂಡರು.
ಡ್ರೈವರು ಎತ್ತಿಕೊಂಡ. ಬಾಗಿಲಲ್ಲಿ ಅಡ್ಡ ತಿರುಗಿಸುವಾಗ
ಕೊಡೆಯವನ ಎದುರಿಗೆ ಅವನ ಮುಖ ಬಂತು.
ಒಂದು ಗಳಿಗೆ ನಿಂತ.
ಆಮೇಲೆ ಡಿಕ್ಕಿ ತೆಗೆದ.